ಹಲವು ಶೈಲಿ, ಒಂದು ದನಿ

ದೊಡ್ಡ ಸಂಗೀತಗಾರರಿಗೆ ತಮ್ಮದೇ ಆದ ಛಾಪು ಇರಬೇಕು, ನಾಲ್ಕು ಸ್ವರ ಕಿವಿಗೆ ಬೀಳುವಷ್ಟರಲ್ಲಿ ಇದು ಇಂಥವರದ್ದೇ ಎಂದು ಗುರುತು ಸಿಗಬೇಕು ಎಂಬ ನಂಬಿಕೆ ಬಹಳ ಹಳೆಯದು. ಜಪಾನಿನ ಸಂಗೀತ ಸಂಯೋಜಕಿ ಯೋಕೊ ಕನ್ನೊ ಅವರ ಮಾತು ಬಂದಾಗ ಈ ನಂಬಿಕೆ ಒಂದು ತೀರ್ಪಿನ ರೂಪ ತಾಳುತ್ತದೆ. ಅನಿಮೆ ಎಂಬ ಜಪಾನಿ ಅನಿಮೇಷನ್ ಧಾರಾವಾಹಿಗಳಿಗೆ ಅವರು ಜಾಝ್, ಬ್ಲೂಸ್, ರಾಕ್, ಎಲೆಕ್ಟ್ರಾನಿಕ್ ಸಂಗೀತ ಎಲ್ಲವನ್ನೂ ಬರೆದಿದ್ದಾರೆ. ದೊಡ್ಡ ವಾದ್ಯವೃಂದಗಳಿಗೆ ಬರೆದಿದ್ದಾರೆ. ಜಾಹೀರಾತುಗಳಿಗೆ ಪುಟ್ಟ ಪುಟ್ಟ ರಾಗತುಣುಕುಗಳನ್ನು ಕಟ್ಟಿದ್ದಾರೆ. ಭೂಕಂಪದಲ್ಲಿ ನೊಂದ ಜನರಿಗಾಗಿ ಹಾಡು ಕೊಟ್ಟಿದ್ದಾರೆ. ಚಕ್ರವರ್ತಿ ನರುಹಿತೊ ಪಟ್ಟಕ್ಕೆ ಬಂದ ಸಂಭ್ರಮಕ್ಕೆ 2019ರ ನವೆಂಬರ್‌ನಲ್ಲಿ ನಡೆದ ರಾಷ್ಟ್ರೀಯ ಉತ್ಸವದ ಸಂಗೀತವನ್ನೂ ರಚಿಸಿದ್ದಾರೆ. ಇಷ್ಟೊಂದು ಬಗೆಯಲ್ಲಿ ಬರೆಯುವವರು ಅಸಾಧಾರಣ ಕಸುಬುದಾರರು ನಿಜ, ಆದರೆ ಅವರಿಗೆ ಸ್ವಂತ ದನಿ ಎಂಬುದಿಲ್ಲ ಎನ್ನುವುದು ಆ ತೀರ್ಪು. ಕನ್ನೊ ಅವರ ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲ. ಆದರೆ ಅವರು ಹೊಗಳುವ ರೀತಿಯನ್ನು ಗಮನಿಸಿದರೆ, ಅವರೂ ಅದೇ ನೆಲದ ಮೇಲೆ ನಿಂತಿರುವುದು ಕಾಣುತ್ತದೆ. 'ಏನನ್ನು ಬೇಕಾದರೂ ಬರೆಯಬಲ್ಲರು' ಎಂಬ ಮೆಚ್ಚುಗೆಗೂ 'ಸ್ವಂತದ್ದೇನೂ ಇಲ್ಲ' ಎಂಬ ಆಕ್ಷೇಪಕ್ಕೂ ಆಧಾರ ಒಂದೇ: ಶೈಲಿಯೇ ದನಿ ಎಂಬ ಎಣಿಕೆ. ಈ ಎಣಿಕೆ ತಪ್ಪು ಎಂಬುದು ನನ್ನ ವಾದ. ಅದನ್ನು ತೋರಿಸಲು ಕನ್ನೊ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಆ ನಂಬಿಕೆಗೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಅದರ ಹಿಂದೆ ಗಟ್ಟಿಯಾದ ಒಂದು ಅನುಭವವಿದೆ. ಕಲಾವಿದರು ವರ್ಷಾನುಗಟ್ಟಲೆ ಒಂದೇ ಜಾಡಿನಲ್ಲಿ ಅಗೆಯುತ್ತ ಹೋದಾಗ ಮಾತ್ರ ಕೈಗೆ ಸಿಗುವ ಆಳ ಎಂಬುದೊಂದಿದೆ. ಊರೂರು ಸುತ್ತುವವರಿಗೆ ಅದು ದಕ್ಕುವುದಿಲ್ಲ. ಬೇಡಿಕೆಗೆ ತಕ್ಕಂತೆ ಬಣ್ಣ ಬದಲಿಸುವ ಸಂಗೀತ ಹಲವು ಬಾರಿ ಸಪ್ಪೆಯಾಗಿರುತ್ತದೆ ಎಂಬುದೂ ಸುಳ್ಳಲ್ಲ. ಪರದೆಗಾಗಿ ಬರೆಯುವವರಲ್ಲೇ ಇದಕ್ಕೆ ಎದುರು ನಿದರ್ಶನವೂ ಇದೆ. ಜೋ ಹಿಸೈಶಿ ಅವರ ರಾಗವನ್ನು ಕೇಳಿದ ಕೂಡಲೇ ಗುರುತಿಸುವ ಲಕ್ಷಾಂತರ ಜನ ಜಗತ್ತಿನಲ್ಲಿದ್ದಾರೆ. ಹಾಗಿರುವಾಗ ಪರದೆಯ ಕೆಲಸವೇ ಹೀಗೆ, ಅಲ್ಲಿ ಗುರುತು ಉಳಿಯುವುದಿಲ್ಲ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಆದ್ದರಿಂದ ಕನ್ನೊ ಅವರ ಪರವಾಗಿ ವಾದಿಸುವವರು 'ಅವರ ಕೆಲಸದ ಸ್ವರೂಪ ಬೇರೆ' ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ದನಿ ಇದೆ ಎನ್ನುವುದಾದರೆ ಅದು ಎಲ್ಲಿದೆ ಎಂದು ತೋರಿಸಬೇಕು.

ತೋರಿಸುವ ಮೊದಲು, ಈ ನಂಬಿಕೆಯಲ್ಲಿ ಒಂದಕ್ಕೊಂದು ಕಲಸಿಹೋಗಿರುವ ಮೂರು ಸಂಗತಿಗಳನ್ನು ಬಿಡಿಸಿಡುವುದು ಒಳ್ಳೆಯದು.

1. ಸಾಮಗ್ರಿ: ಯಾವ ಸಂಗೀತ ಪ್ರಕಾರ, ಯಾವ ವಾದ್ಯಗಳು, ಯಾವ ಕಾಲದ ಧಾಟಿ ಎಂಬುದು. ಕಿವಿಗೆ ಮೊದಲು ತಾಗುವುದು ಇದೇ.

2. ಗುರುತು: ಈ ರಚನೆ ಇಂಥವರದ್ದು ಎಂದು ಕೇಳುಗ ಹೇಳಬಲ್ಲನೇ ಎಂಬುದು. ಇದು ಕೇಳುಗನ ಪರಿಚಯವನ್ನೂ, ರಚನೆಕಾರರು ಎಷ್ಟು ಕಾಲ ಒಂದೇ ಸಾಮಗ್ರಿಯನ್ನು ಬಳಸಿದರು ಎಂಬುದನ್ನೂ ಅವಲಂಬಿಸಿದೆ.

3. ತೀರ್ಮಾನ: ಎದುರಿಗಿರುವ ಕಥೆಗೆ, ದೃಶ್ಯಕ್ಕೆ, ಸಂದರ್ಭಕ್ಕೆ ಸಂಗೀತ ಏನನ್ನು ಮಾಡಬೇಕು ಎಂದು ರಚನೆಕಾರರು ನಿರ್ಧರಿಸುವ ಬಗೆ. ಇದು ಒಂದೆರಡು ರಚನೆಗಳಲ್ಲಿ ಕಾಣದೆ ಇರಬಹುದು, ಹತ್ತಾರು ರಚನೆಗಳನ್ನು ಜೊತೆಗಿಟ್ಟು ನೋಡಿದಾಗ ಕಾಣುತ್ತದೆ.

ಛಾಪಿನ ವಾದ ಮೊದಲನೆಯದನ್ನು ನೋಡಿ, ಎರಡನೆಯದನ್ನು ಅಳೆದು, ಮೂರನೆಯದರ ಬಗ್ಗೆ ತೀರ್ಪು ಕೊಡುತ್ತದೆ. ದಾಸರ ಪದದ ಕೊನೆಯಲ್ಲಿ ಬರುವ ಅಂಕಿತವನ್ನು ನೆನೆದರೆ ತೊಡಕು ಸ್ಪಷ್ಟವಾಗುತ್ತದೆ: ಅಂಕಿತ ಪದದ ಕರ್ತೃವನ್ನು ಸೂಚಿಸುತ್ತದೆ, ಪದದ ಕಸುವನ್ನಲ್ಲ, ಅದೇ ಅಂಕಿತವಿಟ್ಟು ಬೇರೆಯವರು ಕಟ್ಟಿದ ಪದಗಳೂ ಇವೆ. ಹಾಗೆಯೇ ಗುರುತು ಸಿಗುವುದು ದನಿಗೆ ಒಂದು ಸುಳಿವಾಗಬಹುದು, ಪುರಾವೆಯಾಗಲಾರದು. ಒಬ್ಬರ ಬಾಹ್ಯ ಲಕ್ಷಣಗಳನ್ನು ಎತ್ತಿಕೊಂಡು ನಕಲು ಮಾಡುವುದು ಸುಲಭ ಎಂಬ ಮಾತೇ, ಆ ಲಕ್ಷಣಗಳಲ್ಲಿ ದನಿ ಪೂರ್ತಿಯಾಗಿ ಇಲ್ಲ ಎಂಬುದಕ್ಕೆ ಸಾಕ್ಷಿ.

ದನಿ ಇರುವುದು ಮೂರನೆಯದರಲ್ಲಿ, ಅಂದರೆ ತೀರ್ಮಾನದಲ್ಲಿ ಎಂಬುದು ನನ್ನ ನಿಲುವು. ಅದನ್ನು ಪರೀಕ್ಷಿಸುವುದು ಹೇಗೆ? ಎರಡು ದಾರಿಗಳಿವೆ. ಸಾಮಗ್ರಿ ಒಂದೇ ಇರುವ ಎರಡು ಕೃತಿಗಳನ್ನು ಹೋಲಿಸಿ, ಅವು ಬೇರೆಯಾಗುವುದು ಎಲ್ಲಿ ಎಂದು ನೋಡಬಹುದು. ಸಾಮಗ್ರಿ ಸಂಪೂರ್ಣ ಬೇರೆಯಿರುವ ಕೃತಿಗಳನ್ನು ಹೋಲಿಸಿ, ಅವು ಒಂದಾಗುವುದು ಎಲ್ಲಿ ಎಂದೂ ನೋಡಬಹುದು. ಕನ್ನೊ ಅವರ ಕೆಲಸದಲ್ಲಿ ಎರಡಕ್ಕೂ ಬೇಕಾದ ನಿದರ್ಶನಗಳಿವೆ.

ಮೊದಲ ಪರೀಕ್ಷೆಗೆ ಜಾಝ್ ತೆಗೆದುಕೊಳ್ಳೋಣ. ಶಿನಿಚಿರೊ ವಟನಾಬೆ ನಿರ್ದೇಶಿಸಿದ 26 ಕಂತುಗಳ 'ಕೌಬಾಯ್ ಬಿಬಾಪ್' 1998ರಲ್ಲಿ ಬಂತು. 2071ನೇ ಇಸವಿಯ ಬಾಹ್ಯಾಕಾಶದಲ್ಲಿ ತಲೆಗೆ ಬೆಲೆ ಕಟ್ಟಿದ ಅಪರಾಧಿಗಳನ್ನು ಹಿಡಿದು ಹೊಟ್ಟೆ ಹೊರೆಯುವ ಕೆಲವರ ಕಥೆ ಅದು. ಅದಕ್ಕಾಗಿಯೇ ಕನ್ನೊ 'ಸೀಟ್‌ಬೆಲ್ಟ್ಸ್' ಎಂಬ ವಾದ್ಯತಂಡವನ್ನು ಕಟ್ಟಿದರು. ಅದರ ಆರಂಭಗೀತ 'ಟ್ಯಾಂಕ್!' ತುತ್ತೂರಿಗಳ ಅಬ್ಬರದಿಂದ, ಬಾಂಗೊ ಮತ್ತು ಬಾಸ್‌ನ ಓಟದಿಂದ ನೋಡುಗರನ್ನು ಎಳೆದುಕೊಂಡು ಹೋಗುತ್ತದೆ. ಅಲ್ಲಿ ಜಾಝ್ ಮಾಡುವ ಕೆಲಸ, ಭವಿಷ್ಯದ ಕಥೆಯೊಂದಕ್ಕೆ ಸವೆದುಹೋದ ಭೂತಕಾಲವನ್ನು ಒದಗಿಸುವುದು. ಆ ಪಾತ್ರಗಳೆಲ್ಲ ಹಿಂದಿನ ಬದುಕನ್ನು ಹೊತ್ತು ತಿರುಗುವವರು. ಕಾಲ ಹೊಸತಾದರೂ ಸಂಗೀತ ಹಳತು. 2012ರಲ್ಲಿ ಅದೇ ವಟನಾಬೆ ಅವರ 'ಕಿಡ್ಸ್ ಆನ್ ದ ಸ್ಲೋಪ್' ಬಂದಾಗ ಕನ್ನೊ ಮತ್ತೆ ಜಾಝ್‌ಗೆ ಮರಳಿದರು. ಈ ಕಥೆ ನಡೆಯುವುದು 1966ರ ಸಸೆಬೊ ಪಟ್ಟಣದಲ್ಲಿ. ಪಿಯಾನೊ ಬಲ್ಲ ಒಬ್ಬ ಹುಡುಗ, ಡ್ರಮ್ ಬಾರಿಸುವ ಇನ್ನೊಬ್ಬ. ಇಬ್ಬರೂ ಜಗಳವಾಡಿ ಮಾತು ಬಿಟ್ಟಿರುತ್ತಾರೆ. ಶಾಲೆಯ ಉತ್ಸವದಲ್ಲಿ ಕರೆಂಟು ಹೋಗಿ ಗಿಟಾರ್ ತಂಡ ಸುಮ್ಮನಾದಾಗ ಪಿಯಾನೊ ಹುಡುಗ ನುಡಿಸಲು ಕೂರುತ್ತಾನೆ, ಡ್ರಮ್ ಹುಡುಗ ಜೊತೆಗೂಡುತ್ತಾನೆ. ರಾಜಿಯ ಒಂದು ಮಾತೂ ಇಲ್ಲ. ಒಬ್ಬ ಬಿಟ್ಟ ಜಾಗವನ್ನು ಇನ್ನೊಬ್ಬ ತುಂಬುವ ವಾದನದಲ್ಲೇ ಜಗಳ ಮುಗಿಯುತ್ತದೆ. ಇದಕ್ಕಾಗಿ ಪಿಯಾನೊ ವಾದಕ ತಕಾಶಿ ಮತ್ಸುನಾಗಾ, ಡ್ರಮ್ ವಾದಕ ಶುನ್ ಇಶಿವಾಕಾ ಎಂಬ ಯುವ ಕಲಾವಿದರಿಂದ ನುಡಿಸಿ, ಅವರ ಕೈಗಳ ಚಲನೆಯನ್ನು ಚಿತ್ರೀಕರಿಸಿ, ಅದನ್ನು ನೋಡಿಯೇ ಅನಿಮೇಷನ್ ಮಾಡಲಾಯಿತು. ಎರಡೂ ಕಡೆ ಜಾಝ್, ಎರಡೂ ಕಡೆ ಅದೇ ನಿರ್ದೇಶಕರು. ಆದರೂ ಒಂದರಲ್ಲಿ ಜಾಝ್ ಕಥೆಯ ಹವೆ, ಇನ್ನೊಂದರಲ್ಲಿ ಅದು ಪಾತ್ರಗಳು ಆಡುವ ಮಾತು. ಶೈಲಿಯೇ ದನಿಯಾಗಿದ್ದರೆ ಇವೆರಡೂ ಒಂದೇ ಜಾತಿಯ ಕೃತಿಗಳಾಗಬೇಕಿತ್ತು. ಅವನ್ನು ಬೇರ್ಪಡಿಸಿದ್ದು ಕಥೆಗೆ ಏನು ಬೇಕೆಂಬ ತೀರ್ಮಾನ.

ಎರಡನೆಯ ಪರೀಕ್ಷೆ ಇನ್ನೂ ಮುಖ್ಯ. ಸಾಮಗ್ರಿ ಬದಲಾದಾಗಲೂ ಕನ್ನೊ ಅವರಲ್ಲಿ ಬದಲಾಗದೆ ಉಳಿಯುವುದು ಏನು? ನನಗೆ ಎದ್ದು ಕಾಣುವ ಮೊದಲ ಸಂಗತಿ, ಮನುಷ್ಯರ ಕಂಠವನ್ನು ಅರ್ಥದಿಂದ ಬಿಡಿಸಿ ಬಳಸುವ ಪರಿ. 'ಬಿಬಾಪ್'ನ ಐದನೆಯ ಕಂತಿನ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ನಾಯಕ ಸ್ಪೈಕ್ ಹಳೆಯ ಚರ್ಚೊಂದರಲ್ಲಿ ತನ್ನ ಹಿಂದಿನ ಜೊತೆಗಾರ ವಿಶಸ್‌ನನ್ನು ಎದುರಿಸುತ್ತಾನೆ. ಗುಂಡಿನ ಸುರಿಮಳೆ, ಕತ್ತಿಯ ಹೊಡೆತ. ಕೊನೆಗೆ ಬಣ್ಣದ ಗಾಜಿನ ಕಿಟಕಿಯನ್ನು ಒಡೆದುಕೊಂಡು ಸ್ಪೈಕ್ ಹೊರಗೆ ಬೀಳುತ್ತಾನೆ, ಹಿಂದೆ ಸ್ಫೋಟ. ಸಾಹಸ ದೃಶ್ಯಗಳ ರೂಢಿಯಂತೆ ಸಂಗೀತ ಇಲ್ಲಿ ಏರಬೇಕು, ಅಬ್ಬರಿಸಬೇಕು. ಆದರೆ ಕೇಳಿಸುವುದು ಎಳೆಯ ದನಿಗಳಂಥ ಒಂದು ಸಮೂಹಗಾನ, 'ಗ್ರೀನ್ ಬರ್ಡ್'. ಸದ್ದುಗದ್ದಲವೆಲ್ಲ ಹಿಂದೆ ಸರಿದು, ಬೀಳುವಿಕೆ ನಿಧಾನವಾಗಿ, ನಡುನಡುವೆ ಹಳೆಯ ನೆನಪಿನ ಚಿತ್ರಗಳು ಬಂದು ಹೋಗುತ್ತವೆ. ಹಾಡಿನ ನುಡಿಗಳು ಯಾವ ಭಾಷೆಯವೂ ಅಲ್ಲ. ಯಾವ ಪದವೂ ನೋಡುಗನಿಗೆ ಇದು ದುಃಖ, ಇದು ಪ್ರೇಮ ಎಂದು ಹೇಳಿಕೊಡುವುದಿಲ್ಲ. ಸಾಯುತ್ತಿರಬಹುದಾದ ಒಬ್ಬನ ತಲೆಯಲ್ಲಿ ಆ ಗಳಿಗೆ ಹೇಗಿರಬಹುದು ಎಂಬುದಷ್ಟೇ ನಮಗೆ ತಾಗುತ್ತದೆ.

ಈ ಹಾಡಿನ ಹೆಸರುಪಟ್ಟಿಯಲ್ಲಿ ಕಾಣುವ ಗೇಬ್ರಿಯೆಲಾ ರಾಬಿನ್ ಎಂಬ ಹೆಸರು ಕನ್ನೊ ಅವರದ್ದೇ ಗುಪ್ತನಾಮ. 2009ರ ಸಂಗೀತ ಕಾರ್ಯಕ್ರಮವೊಂದರಲ್ಲಿ ಅದು ಬಹಿರಂಗವಾಯಿತು. ಅದೇ ಹೆಸರಿನಲ್ಲಿ ಅವರು 1999ರ 'ಟರ್ನ್ ಎ ಗುಂಡಮ್' ಧಾರಾವಾಹಿಗೆ 'ಮೂನ್' ಎಂಬ ಹಾಡು ಕಟ್ಟಿದರು. ಅಲ್ಲಿಯೂ ಕಲ್ಪಿತ ನುಡಿ. ಅದೇ ರಾಗಕ್ಕೆ ಜಪಾನಿ ಸಾಹಿತ್ಯವಿರುವ ಇನ್ನೊಂದು ರೂಪವೂ ಉಂಟು. 2002ರ 'ಗೋಸ್ಟ್ ಇನ್ ದ ಶೆಲ್: ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್' ಧಾರಾವಾಹಿಯ ಆರಂಭಗೀತ 'ಇನ್ನರ್ ಯೂನಿವರ್ಸ್' ನೋಡಿ. ರಷ್ಯಾ ಮೂಲದ ಗಾಯಕಿ ಒರಿಗಾ ಹಾಡಿದ ಆ ಗೀತೆಯಲ್ಲಿ ರಷ್ಯನ್, ಇಂಗ್ಲಿಷ್, ಲ್ಯಾಟಿನ್ ಮೂರೂ ಬೆರೆತಿವೆ. ಕೆಳಗೆ ಯಂತ್ರದ ಲಯ ಓಡುತ್ತಿರುತ್ತದೆ. ಜಪಾನಿನ ಸಾಮಾನ್ಯ ನೋಡುಗನಿಗೆ ಅದರ ಬಹುಪಾಲು ಮಾತು ತಿಳಿಯದು. ದೇಹ ಯಂತ್ರವಾದ ಮೇಲೆ ಒಳಗಿರುವ 'ನಾನು' ಯಾರು ಎಂದು ಕೇಳುವ ಕಥೆಗೆ, ಮಾತು ತಿಳಿಯದೆಯೂ ಮನುಷ್ಯಳೆಂದು ತಿಳಿಯುವ ಕಂಠವೇ ಬಾಗಿಲಾಗುತ್ತದೆ. ಸಮೂಹಗಾನ, ಜನಪದದಂಥ ಹಾಡು, ಎಲೆಕ್ಟ್ರಾನಿಕ್ ಗೀತೆ: ಸಾಮಗ್ರಿ ಮೂರು ಕಡೆಯೂ ಬೇರೆ. ಅರ್ಥವನ್ನು ತಡೆಹಿಡಿದು ಕಂಠವನ್ನು ಮುಂದಿಡಬೇಕೆಂಬ ತೀರ್ಮಾನ ಒಂದೇ.

ಎರಡನೆಯ ಸಂಗತಿ, ಚಿತ್ರ ಈಗಾಗಲೇ ಹೇಳುತ್ತಿರುವ ಭಾವವನ್ನು ಸಂಗೀತದಲ್ಲಿ ಮತ್ತೆ ಹೇಳದಿರುವ ಹಟ. 'ಗ್ರೀನ್ ಬರ್ಡ್'ನಲ್ಲಿ ಅದು ಕಂಡಿತು. 'ಬಿಬಾಪ್'ನ 13ನೆಯ ಕಂತಿನ ಕೊನೆಯಲ್ಲಿ ಸ್ಯಾಕ್ಸಫೋನ್ ವಾದಕ ಗ್ರೆನ್ ಸಾಯುವ ಸ್ಥಿತಿಯಲ್ಲಿದ್ದಾಗ, ತನ್ನ ಪುಟ್ಟ ನೌಕೆಯನ್ನು ಟೈಟನ್ ಉಪಗ್ರಹದ ಕಡೆಗೆ ತೇಲಿಬಿಡುವಂತೆ ಕೇಳಿಕೊಳ್ಳುತ್ತಾನೆ. ಆಗ ಬರುವ 'ಸ್ಪೇಸ್ ಲಯನ್' ಒಂಟಿ ಸ್ಯಾಕ್ಸಫೋನ್‌ನಿಂದ ಶುರುವಾಗಿ, ಮೆಲ್ಲಗೆ ತಾಳವಾದ್ಯಗಳೂ ಆಫ್ರಿಕದ ಧಾಟಿಯ ಮೇಳಗಾನವೂ ಸೇರಿಕೊಳ್ಳುತ್ತ ಹಿಗ್ಗುತ್ತದೆ. ಸಾವಿನ ದೃಶ್ಯಕ್ಕೆ ರೋದನ ಬರೆಯುವುದು ಸುಲಭವಿತ್ತು. ಒಬ್ಬಂಟಿಯಾಗಿ ಸಾಯುವವನಿಗೆ ಕನ್ನೊ ಜೊತೆಯವರನ್ನು ಒದಗಿಸಿದರು. 2011ರ ಭೂಕಂಪ ಮತ್ತು ಸುನಾಮಿಯ ಬಳಿಕ, 2012ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ ಅವರು ರಚಿಸಿದ 'ಹನಾ ವಾ ಸಕು' ಹಾಡಿಗೂ ಇದೇ ಮಾತು ಸಲ್ಲುತ್ತದೆ. ಕನ್ನೊ ಹುಟ್ಟಿದ್ದು ದುರಂತ ಬಡಿದ ಮಿಯಾಗಿ ಪ್ರಾಂತ್ಯದಲ್ಲೇ. ಸಾಹಿತ್ಯ ಬರೆದ ಚಿತ್ರನಿರ್ದೇಶಕ ಶುಂಜಿ ಇವಾಯ್ ಕೂಡ ಅಲ್ಲಿಯವರು. ಸತ್ತವರ ಕಡೆಯಿಂದ ನುಡಿಯುವ ಆ ಸಾಹಿತ್ಯಕ್ಕೆ ಅಳುವ ರಾಗ ಹಾಕಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವರು ಕೊಟ್ಟದ್ದು ಮಕ್ಕಳೂ ಮುದುಕರೂ ಒಟ್ಟಾಗಿ ಹಾಡಬಹುದಾದ, ಬೆಳಕಿನ ಕಡೆಗೆ ಮುಖ ಮಾಡಿದ ರಾಗವನ್ನು. ಬಾಹ್ಯಾಕಾಶದ ಅಪರಾಧಿಗಳ ಬೇಟೆಗೂ ನೆರೆಹೊರೆಯವರ ಶೋಕಕ್ಕೂ ನಡುವೆ ಸಾಮಗ್ರಿಯ ಮಟ್ಟದಲ್ಲಿ ಯಾವ ನಂಟೂ ಇಲ್ಲ. ನಂಟಿರುವುದು, ದೃಶ್ಯದಲ್ಲೋ ಮಾತಿನಲ್ಲೋ ಇಲ್ಲದ್ದನ್ನು ಸಂಗೀತ ಸೇರಿಸಬೇಕು ಎಂಬ ನಿಲುವಿನಲ್ಲಿ.

ಇಲ್ಲಿ ಒಂದು ವೃತ್ತಿಯ ವಿವರ ಬಹಳ ಮುಖ್ಯ. ಜಪಾನಿನ ಟಿವಿ ಅನಿಮೆಯಲ್ಲಿ ಸಾಮಾನ್ಯವಾಗಿ ಸಿದ್ಧವಾದ ದೃಶ್ಯವನ್ನು ನೋಡಿಕೊಂಡು ಸಂಗೀತ ಬರೆಯುವುದಿಲ್ಲ. ಧ್ವನಿ ನಿರ್ದೇಶಕರು ಮೊದಲೇ ಒಂದು ಪಟ್ಟಿ ಕೊಡುತ್ತಾರೆ: ಉದ್ವೇಗಕ್ಕೆ ಒಂದು, ದಿನನಿತ್ಯದ ದೃಶ್ಯಕ್ಕೆ ಒಂದು, ದುಃಖಕ್ಕೆ ಒಂದು, ಇಷ್ಟಿಷ್ಟು ಉದ್ದದ್ದು ಎಂದು. ಸಂಯೋಜಕರು ಹತ್ತಾರು ತುಣುಕುಗಳನ್ನು ಬರೆದುಕೊಡುತ್ತಾರೆ. ಆಮೇಲೆ ಕಂತು ಕಂತಿಗೆ ಅವನ್ನು ಆರಿಸಿ, ಕತ್ತರಿಸಿ ಹೊಂದಿಸಲಾಗುತ್ತದೆ. 'ಕೇಳಿದ್ದನ್ನು ಮಾಡಿಕೊಡುವವರು' ಎಂಬ ತೀರ್ಪು ಅಕ್ಷರಶಃ ನಿಜವಾಗಬಹುದಾದ ಪದ್ಧತಿ ಇದು. 'ಬಿಬಾಪ್'ನಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಪಟ್ಟಿಯಲ್ಲಿಲ್ಲದ ಸಂಗೀತವನ್ನು ಕನ್ನೊ ತಾವಾಗಿಯೇ ಬರೆದು ತರುತ್ತಿದ್ದರು, ಅದನ್ನು ಕೇಳಿ ತಾವು ಹೊಸ ದೃಶ್ಯಗಳನ್ನು ಕಲ್ಪಿಸಿಕೊಳ್ಳುತ್ತಿದ್ದೆವು ಎಂದು ವಟನಾಬೆಯವರೇ ಹೇಳಿದ್ದಾರೆ. ಬೇಡಿಕೆಗೆ ತಲೆಬಾಗುವವರ ಸಂಗೀತ ಚಿತ್ರದ ಹಿಂದೆ ನಡೆಯುತ್ತದೆ. ಇಲ್ಲಿ ಚಿತ್ರ ಸಂಗೀತದ ಹಿಂದೆ ನಡೆಯಿತು. ಸ್ವಂತದ್ದೇನೂ ಇಲ್ಲದವರಿಂದ ಇಂಥ ಒತ್ತಡ ಹುಟ್ಟುವುದು ಹೇಗೆ ಎಂದು ಛಾಪಿನ ವಾದಿಗಳು ವಿವರಿಸಬೇಕಾಗುತ್ತದೆ.

ಇನ್ನು ಆಕ್ಷೇಪಗಳ ಕಡೆಗೆ ಬರುತ್ತೇನೆ. ಮೊದಲನೆಯದು: ಈ ದನಿ ಕನ್ನೊ ಅವರದ್ದೋ, ನಿರ್ದೇಶಕರದ್ದೋ? ಸಂಗೀತಕ್ಕೆ ಅಷ್ಟು ಜಾಗ ಕೊಟ್ಟವರು ವಟನಾಬೆ ಅಲ್ಲವೇ? ಪ್ರಶ್ನೆ ನ್ಯಾಯವಾದದ್ದು, ಇಬ್ಬರನ್ನೂ ಬೇರ್ಪಡಿಸಿ ನೋಡಿದರೆ ಉತ್ತರ ಸಿಗುತ್ತದೆ. 2004ರಲ್ಲಿ ವಟನಾಬೆ 'ಸಮುರಾಯ್ ಚಂಪ್ಲೂ' ಮಾಡಿದಾಗ ಕನ್ನೊ ಇರಲಿಲ್ಲ. ನುಜಾಬೆಸ್, ಫ್ಯಾಟ್ ಜಾನ್ ಮೊದಲಾದವರು ಹಿಪ್‌ಹಾಪ್ ಲಯಗಳನ್ನು ಕಟ್ಟಿದರು. ಸಂಗೀತಕ್ಕೆ ಅಲ್ಲಿಯೂ ದೊಡ್ಡ ಜಾಗವಿತ್ತು, ಕೃತಿಯೂ ಸೊಗಸಾಗಿತ್ತು. ಆದರೆ ನಾನು ಮೇಲೆ ತೋರಿಸಿದ ಎರಡು ಲಕ್ಷಣಗಳು ಅದರ ಆಧಾರವಲ್ಲ. ಅಲ್ಲಿ ಮರುಕಳಿಸುವ ಲಯ ದಾರಿಹೋಕರ ನಡಿಗೆಯನ್ನು ಹೊತ್ತು ಸಾಗುತ್ತದೆ. ಇತ್ತ 'ಟರ್ನ್ ಎ ಗುಂಡಮ್' ಯೊಶಿಯುಕಿ ತೊಮಿನೊ ಅವರದ್ದು, 'ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್' ಕೆಂಜಿ ಕಮಿಯಾಮಾ ಅವರದ್ದು, ಭೂಕಂಪದ ಹಾಡಿಗೆ ನಿರ್ದೇಶಕರೇ ಇಲ್ಲ. ನಿರ್ದೇಶಕರು ಬದಲಾದಾಗ ಉಳಿದು, ಕನ್ನೊ ಬದಲಾದಾಗ ಹೋಗುವ ಲಕ್ಷಣ ಯಾರದ್ದೆಂದು ಹೇಳಲು ಹೆಚ್ಚು ಯೋಚಿಸಬೇಕಿಲ್ಲ.

ಎರಡನೆಯ ಆಕ್ಷೇಪ ಅನುಕರಣೆಯದ್ದು. ಇಷ್ಟು ಶೈಲಿಗಳಲ್ಲಿ ಬರೆಯುವವರು ಆಯಾ ಶೈಲಿಯ ಹಿರಿಯರ ಮಾದರಿಗಳನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಾರೆ. ಅದನ್ನು ಸ್ವಂತ ದನಿ ಎಂದರೆ ಯಾವ ಅನುಕರಣೆಗೂ ಅದೇ ಪಟ್ಟ ಕೊಡಬೇಕಾಗುತ್ತದೆ ಎನ್ನಬಹುದು. ಈ ಆಕ್ಷೇಪದಲ್ಲಿ ತೂಕವಿದೆ. ಕನ್ನೊ ಅವರ ಅಪಾರ ರಚನೆಗಳಲ್ಲಿ ಕೆಲವು ಮಾದರಿಗೆ ತೀರಾ ಹತ್ತಿರವಾಗಿ, ಅಭ್ಯಾಸದ ಪಾಠದಂತೆ ಕೇಳಿಸುತ್ತವೆ. ಪ್ರತಿಯೊಂದನ್ನೂ ಎತ್ತಿಹಿಡಿಯುವ ಅಗತ್ಯ ನನ್ನ ವಾದಕ್ಕಿಲ್ಲ. ಅಳತೆಗೋಲು ಮಾತ್ರ ಸ್ಪಷ್ಟವಿರಬೇಕು. ಅನುಕರಣೆ ತನ್ನ ಮಾದರಿಯನ್ನು ನೆನಪಿಸಿ ಅಲ್ಲಿಗೇ ನಿಲ್ಲುತ್ತದೆ. ಮಾದರಿಯ ಪರಿಚಯ ಇಲ್ಲದವರಿಗೆ ಅದರಿಂದ ಸಿಗುವುದು ಕಡಿಮೆ. 'ಸ್ಪೇಸ್ ಲಯನ್' ಕೇಳುವವರಿಗೆ ಸ್ಯಾಕ್ಸಫೋನ್ ಚರಿತ್ರೆ ಗೊತ್ತಿರಬೇಕಿಲ್ಲ, ಗ್ರೆನ್ ಯಾರೆಂದು ಗೊತ್ತಿದ್ದರೆ ಸಾಕು. ಎರವಲು ತಂದ ಸಾಮಗ್ರಿ ಕಥೆಯ ಒಳಗೆ ಬೇರು ಬಿಟ್ಟಿದೆಯೇ ಎಂಬ ಪ್ರಶ್ನೆ ಕೇಳಿದರೆ ಜೊಳ್ಳು ಕಾಳು ಬೇರೆಯಾಗುತ್ತವೆ. ಕಲ್ಪಿತ ನುಡಿಯ ಹಾಡುಗಳಂತೂ ಯಾವ ಮಾದರಿಗೂ ಸುಲಭವಾಗಿ ಒಗ್ಗುವುದಿಲ್ಲ.

ಮೂರನೆಯದು, ನಾನೇ ಮೇಲೆ ಎತ್ತಿದ ಹಿಸೈಶಿಯವರ ನಿದರ್ಶನ. ಒಬ್ಬರು ಗುರುತು ಉಳಿಸಿಕೊಂಡೂ ಪರದೆಗೆ ಬರೆಯಬಲ್ಲರಾದರೆ, ಇನ್ನೊಬ್ಬರ ಗುರುತಿಲ್ಲದಿರುವಿಕೆ ಕೊರತೆಯೇ ತಾನೆ? ಇಲ್ಲಿ ಗುರುತು ಹುಟ್ಟಿದ ಪರಿಸ್ಥಿತಿಯನ್ನು ನೋಡಬೇಕು. 1984ರ 'ನೌಸಿಕಾ'ದಿಂದ 2023ರ 'ದ ಬಾಯ್ ಆ್ಯಂಡ್ ದ ಹೆರನ್'ವರೆಗೆ ಅನಿಮೇಷನ್ ನಿರ್ದೇಶಕ ಹಯಾವೊ ಮಿಯಾಜಾಕಿಯವರ ಎಲ್ಲ ಪೂರ್ಣಾವಧಿ ಚಿತ್ರಗಳಿಗೂ ಹಿಸೈಶಿ ಅವರದ್ದೇ ಸಂಗೀತ. ಸುಮಾರು 40 ವರ್ಷ ಒಬ್ಬನೇ ಕಥೆಗಾರನ ಒಂದೇ ಬಗೆಯ ಜಗತ್ತಿಗೆ ಬರೆದಾಗ ಗುರುತು ಗಟ್ಟಿಯಾಗುವುದು ಸಹಜ, ಮತ್ತು ಅದು ಆ ಸಹಯಾನದ ಫಲವೂ ಹೌದು. ಅದೇ ಹಿಸೈಶಿ 'ಸೊನಟೀನ್', 'ಹನಾಬಿ' ಮುಂತಾದ ತಕೇಶಿ ಕಿಟಾನೊ ಚಿತ್ರಗಳಿಗೆ ಬರೆದಾಗ ಹಿಂಸೆ ಮತ್ತು ಮೌನದ ಬೇರೆಯೇ ಜಗತ್ತಿಗೆ ತಮ್ಮನ್ನು ಒಗ್ಗಿಸಿಕೊಂಡರು. ಕನ್ನೊ ಅವರ ದಾರಿ ಮೊದಲಿನಿಂದಲೂ ಕವಲು ಕವಲಾದದ್ದು: 1980ರ ದಶಕದಲ್ಲಿ ಕೊಯೆಯ್ ಕಂಪನಿಯ ಐತಿಹಾಸಿಕ ವಿಡಿಯೊ ಗೇಮ್‌ಗಳು, ರಾಕ್ ತಂಡವೊಂದರಲ್ಲಿ ಕೀಬೋರ್ಡ್, 1994ರ 'ಮ್ಯಾಕ್ರಾಸ್ ಪ್ಲಸ್', 1996ರಲ್ಲಿ ಹಜಿಮೆ ಮಿಜೊಗುಚಿ ಜೊತೆ 'ಎಸ್ಕಾಫ್ಲೋನ್', 2015ರಲ್ಲಿ ಹಿರೊಕಾಜು ಕೊರೆಎಡಾ ಅವರ 'ಅವರ್ ಲಿಟಲ್ ಸಿಸ್ಟರ್' ಚಿತ್ರ, 2017ರಲ್ಲಿ ಎನ್‌ಎಚ್‌ಕೆಯ ವರ್ಷಪೂರ್ತಿ ಐತಿಹಾಸಿಕ ಧಾರಾವಾಹಿ. ಗುರುತಿನಲ್ಲಿ ಕಾಣುವ ಅಂತರವನ್ನು ಇಬ್ಬರ ಅಂತಸ್ಸತ್ವದ ಅಂತರ ಎಂದು ಓದುವ ಮೊದಲು, ಇಬ್ಬರೂ ಕೆಲಸ ಮಾಡಿದ ಪರಿಸ್ಥಿತಿಯ ಪಾಲನ್ನು ಕಳೆಯಬೇಕು. ಹಾಗೆ ಕಳೆದ ಮೇಲೆ ಉಳಿಯುವ ಅಂತರ, ಒಬ್ಬರಿಗೆ ದನಿಯಿದೆ ಇನ್ನೊಬ್ಬರಿಗಿಲ್ಲ ಎಂದು ಹೇಳುವಷ್ಟು ದೊಡ್ಡದಲ್ಲ.

ಕೊನೆಯದಾಗಿ, ಇಷ್ಟೆಲ್ಲ ತರ್ಕ ಏಕೆ, ಛಾಪು ಹುಡುಕುವುದು ಕೇಳುಗರ ಮುಗ್ಧ ಸಂತೋಷವಲ್ಲವೇ ಎನ್ನಬಹುದು. ಸಂತೋಷಕ್ಕೆ ನನ್ನ ತಕರಾರಿಲ್ಲ. ಅದು ಮೌಲ್ಯಮಾಪನದ ಜಾಗದಲ್ಲಿ ಕೂತಾಗ ಹಾನಿಯಿದೆ. ಪರದೆಗಾಗಿ ಬರೆಯುವ ನೂರಾರು ಸಂಯೋಜಕರ ಕೆಲಸ ಸುಮ್ಮನೆ ಕುಶಲಕರ್ಮದ ಖಾನೆಗೆ ಬೀಳುತ್ತದೆ. ಇನ್ನೊಂದು ಹಾನಿ ಈಗ ಕಣ್ಣೆದುರಿಗೇ ಇದೆ. ಜಾಝ್‌ನಂಥದ್ದು, ವಾದ್ಯವೃಂದದಂಥದ್ದು, ಎಂಥದ್ದು ಬೇಕೋ ಅಂಥ ತುಣುಕನ್ನು ಸಿದ್ಧ ಸಂಗೀತದ ಭಂಡಾರಗಳಿಂದ, ಈಗ ಯಂತ್ರಗಳಿಂದಲೂ, ಕ್ಷಣದಲ್ಲಿ ಪಡೆಯಬಹುದು. ಕನ್ನೊ ಅವರ ಹಿರಿಮೆ ಎಲ್ಲ ಶೈಲಿಗಳನ್ನೂ ಬಲ್ಲವರಾಗಿರುವುದರಲ್ಲೇ ಇದೆ ಎಂದು ನಂಬಿದರೆ, ಆ ಹಿರಿಮೆಯನ್ನು ಯಂತ್ರಕ್ಕೆ ಒಪ್ಪಿಸಿಬಿಡಲು ನಮಗೆ ಯಾವ ಅಡ್ಡಿಯೂ ಉಳಿಯುವುದಿಲ್ಲ. ಪಟ್ಟಿಯಲ್ಲಿ 'ಸಾಹಸ' ಎಂದು ಬರೆದ ಕಡೆ ಭಂಡಾರ ಸಾಹಸದ ಸಂಗೀತವನ್ನೇ ಕೊಡುತ್ತದೆ. ಕಿಟಕಿಯಿಂದ ಬೀಳುವವನಿಗೆ ಅರ್ಥವಿಲ್ಲದ ನುಡಿಯ ಸಮೂಹಗಾನ ಬೇಕು ಎಂದು ತೋಚಬೇಕಾದರೆ ಕಥೆಯ ಜೊತೆ ಬದುಕಿದ, ರೂಢಿಗೆ ಒಲ್ಲೆ ಎನ್ನುವ ಒಬ್ಬ ಮನುಷ್ಯ ಬೇಕು. ದನಿ ಎಂಬುದು ಆ ತೋಚುವಿಕೆ, ಮತ್ತು ಅದಕ್ಕಾಗಿ ನಿಲ್ಲುವ ಧೈರ್ಯ. ಸಂಗೀತವನ್ನು ಹೀಗೆ ಕೇಳಲು ಕಲಿತರೆ, ಹಲವು ಶೈಲಿಗಳಲ್ಲಿ ಬರೆದವರನ್ನು ದನಿಯಿಲ್ಲದವರೆಂದು ತಳ್ಳಿಹಾಕುವುದೂ ನಿಲ್ಲುತ್ತದೆ, ಒಂದೇ ಛಾಪನ್ನು ಬದುಕಿಡೀ ಒತ್ತಿದವರನ್ನು ಆ ಕಾರಣಕ್ಕಷ್ಟೇ ದೊಡ್ಡವರೆಂದು ಕರೆಯುವುದೂ ನಿಲ್ಲುತ್ತದೆ.